‘ಆದ್ರೂ’ ಅನ್ನುವ ಎರಡಕ್ಷರ

2020ರ ಏಪ್ರಿಲ್ ಮೊದಲ ವಾರ. ಲಾಕ್‌ಡೌನ್ ಶುರುವಾಗಿ ಹತ್ತು ದಿನ ಕಳೆದಿತ್ತು. ಹಾಸನದಿಂದ ಅಮ್ಮ ಫೋನ್ ಮಾಡಿದ್ದಳು. ಊಟ ಆಯ್ತಾ, ಆಫೀಸಿಗೆ ಹೋಗಲೇಬೇಕಾ ಅಂತೆಲ್ಲ ಕೇಳಿ ಆದ ಮೇಲೆ ತಾನಾಗಿಯೇ ಹೇಳಿದಳು: "ಹಣ್ಣಿನ ಸಾಬ್ರ ಹತ್ರ ಈಗ ಏನೂ ತಗೋತಿಲ್ಲ ಕಣೋ."

ಆ ಹಣ್ಣಿನ ಸಾಬರು ನಮ್ಮ ಬೀದಿಗೆ ತಳ್ಳುಗಾಡಿ ತರೋಕೆ ಶುರು ಮಾಡಿ ಹದಿನೈದು ವರ್ಷದ ಮೇಲಾಗಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮನೆ ಬಾಗಿಲಿಗೇ ಮೂಸಂಬಿ ತಂದುಕೊಟ್ಟು, "ದುಡ್ಡು ಆಮೇಲೆ ನೋಡೋಣ ಅಮ್ಮ" ಅಂದವರು. ಗೌರಿ ಹಬ್ಬದ ಹಿಂದಿನ ದಿನ ಅಮ್ಮನಿಗೆ ಅಂತ ಒಳ್ಳೆ ಬಾಳೆಹಣ್ಣಿನ ಚಿಪ್ಪು ಎತ್ತಿಟ್ಟಿರುತ್ತಿದ್ದರು.

"ಯಾಕಮ್ಮ, ಏನಾಯ್ತು?"

"ವಾಟ್ಸಾಪಲ್ಲಿ ಬಂದಿದೆ ನೋಡು. ಒಬ್ಬ ಬೆರಳು ನೆಕ್ಕಿ ನೆಕ್ಕಿ ಹಣ್ಣು ಜೋಡಿಸ್ತಿದ್ದಾನೆ. ಕೊರೊನಾ ಹಬ್ಬಿಸೋಕೆ ಅಂತೆ."

"ಅದು ನಮ್ಮ ಸಾಬ್ರಾ?"

"ಛೇ, ಅಲ್ಲ. ಇವ್ರು ಹಾಗೆಲ್ಲ ಮಾಡೋರಲ್ಲಪ್ಪ." ಒಂದು ಕ್ಷಣ ಸುಮ್ಮನಾದಳು. "ಆದ್ರೂ..."

ನನ್ನ ಅಮ್ಮ ಕೆಟ್ಟವಳಲ್ಲ. ಯಾರ ಮೇಲೂ ದ್ವೇಷ ಇಟ್ಟುಕೊಂಡವಳಲ್ಲ. ಸಾಬರು ಹಾಗೆ ಮಾಡುವವರಲ್ಲ ಅಂತ ಅವಳೇ ಹೇಳಿದಳು. ಹದಿನೈದು ವರ್ಷದ ಅನುಭವ ಅವಳ ಪಕ್ಕದಲ್ಲೇ ಇತ್ತು. ಆದರೂ ಮೂವತ್ತು ಸೆಕೆಂಡಿನ ಒಂದು ವಿಡಿಯೋ ಆ ಹದಿನೈದು ವರ್ಷವನ್ನು ಸೋಲಿಸಿತು. ಇದು ಹೇಗೆ ಸಾಧ್ಯ? ಆ ‘ಆದ್ರೂ’ ಎಲ್ಲಿಂದ ಬರುತ್ತದೆ? ಪತ್ರಿಕೆಯ ಡೆಸ್ಕ್‌ನಲ್ಲಿ ಕೂತು ಸುದ್ದಿ ತಿದ್ದುವ ಕೆಲಸ ನನ್ನದು. ಅದಕ್ಕೇ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೊದಲು ಆ ವಿಡಿಯೋ ವಿಷಯ ಹೇಳಿಬಿಡುತ್ತೇನೆ. ಅದು ಮಧ್ಯಪ್ರದೇಶದ ರಾಯ್‌ಸೇನ್‌ನದು. ತೆಗೆದದ್ದು 2020ರ ಫೆಬ್ರವರಿ 16ರಂದು. ಆಗ ಲಾಕ್‌ಡೌನ್ ಇರಲಿಲ್ಲ, ತಬ್ಲೀಗಿ ಜಮಾತ್ ಅನ್ನುವ ಸಂಘಟನೆಯ ಹೆಸರು ಸುದ್ದಿಯಲ್ಲೇ ಇರಲಿಲ್ಲ. ಆ ಮುದುಕರಿಗೆ ಮನಸ್ಸು ಸ್ವಾಧೀನದಲ್ಲಿಲ್ಲ ಅಂತ ಮನೆಯವರು ಹೇಳಿದರು. ಅದೇ ದಿನಗಳಲ್ಲಿ ಇನ್ನೊಂದು ವಿಡಿಯೋ ಓಡಾಡಿತು: ಪೊಲೀಸ್ ವ್ಯಾನಿನಲ್ಲಿ ಕೂತ ಒಬ್ಬ ಎದುರಿನ ಪೊಲೀಸರ ಮೇಲೆ ಉಗಿಯುತ್ತಾನೆ. ಅದು ಫೆಬ್ರವರಿ ಕೊನೆಯಲ್ಲಿ ಮುಂಬೈಯಲ್ಲಿ ನಡೆದದ್ದು, ಅವನು ಬೇರೆ ಕೇಸಿನ ವಿಚಾರಣಾ ಕೈದಿ. ತಟ್ಟೆ ಚಮಚ ನೆಕ್ಕುವ ಮೂರನೆಯ ವಿಡಿಯೋ ಎರಡು ವರ್ಷ ಹಳೆಯದು. ಅನ್ನದ ಒಂದು ಅಗುಳೂ ಹಾಳಾಗಬಾರದು ಅಂತ ಬೊಹ್ರಾ ಮುಸ್ಲಿಂ ಸಮುದಾಯದವರು ತಟ್ಟೆ ಪೂರ್ತಿ ಖಾಲಿ ಮಾಡುವ ದೃಶ್ಯ ಅದು. ಮೂರಕ್ಕೂ ಕೊರೊನಾಗೂ ಸಂಬಂಧವೇ ಇರಲಿಲ್ಲ. ಸತ್ಯ ಪರಿಶೀಲಿಸುವ ತಂಡಗಳು ಕೆಲವೇ ದಿನಗಳಲ್ಲಿ ಇದನ್ನೆಲ್ಲ ಬಯಲು ಮಾಡಿದವು.

ನಿಜಾಮುದ್ದೀನ್‌ನಲ್ಲಿ ಆದದ್ದು

ಸುಳ್ಳು ವಿಡಿಯೋಗಳಷ್ಟೇ ಆಗಿದ್ದರೆ ಇದು ಸುಲಭದ ಕತೆ. ನಿಜ ಏನೆಂದರೆ, ಕೆಳಗಡೆ ಒಂದು ನಿಜವಾದ ಘಟನೆಯೂ ಇತ್ತು.

ತಬ್ಲೀಗಿ ಜಮಾತ್ 1926ರ ಹೊತ್ತಿಗೆ ದೆಹಲಿ ಪಕ್ಕದ ಮೇವಾತ್‌ನಲ್ಲಿ ಹುಟ್ಟಿದ ಧಾರ್ಮಿಕ ಪ್ರಚಾರದ ಸಂಘಟನೆ. ಅದರ ಕೇಂದ್ರ ದೆಹಲಿಯ ನಿಜಾಮುದ್ದೀನ್ ಮರ್ಕಜ್. 2020ರ ಮಾರ್ಚ್ ಮಧ್ಯದಲ್ಲಿ ಅಲ್ಲಿ ದೊಡ್ಡ ಸಭೆ ನಡೆಯಿತು, ಹೊರದೇಶದವರೂ ಬಂದಿದ್ದರು. ಮಾರ್ಚ್ 13ರಂದೇ ದೆಹಲಿ ಸರ್ಕಾರ 200ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಬೇಡ ಅಂದಿತ್ತು. ಅದೇ ದಿನ ಕೇಂದ್ರದ ಆರೋಗ್ಯ ಸಚಿವಾಲಯ ಇದು ಆರೋಗ್ಯ ತುರ್ತುಸ್ಥಿತಿ ಅಲ್ಲ ಅಂತಲೂ ಹೇಳಿತ್ತು. ಗೊಂದಲದ ದಿನಗಳು ನಿಜ. ಆದರೆ ಅಷ್ಟು ಜನರನ್ನು ಒಂದೇ ಕಟ್ಟಡದಲ್ಲಿ ಸೇರಿಸಿದ್ದು, ಬೇಗ ಚದುರಿಸದೆ ಇದ್ದದ್ದು ಬೇಜವಾಬ್ದಾರಿ ಅಂತಲೇ ನನ್ನ ಅಭಿಪ್ರಾಯ. ಲಾಕ್‌ಡೌನ್ ಬಂದಾಗ ಒಳಗಿದ್ದವರು ಅಲ್ಲೇ ಸಿಕ್ಕಿಹಾಕಿಕೊಂಡರು. ತಿಂಗಳ ಕೊನೆಗೆ 2,300ಕ್ಕೂ ಹೆಚ್ಚು ಜನರನ್ನು ಹೊರಗೆ ತಂದರು. ಅದಕ್ಕೂ ಮೊದಲೇ ಊರಿಗೆ ಮರಳಿದವರ ಜೊತೆ ಸೋಂಕು ಬೇರೆ ಬೇರೆ ರಾಜ್ಯಗಳಿಗೆ ಹೋಗಿತ್ತು. ಇದು ವರದಿ ಮಾಡಲೇಬೇಕಾದ ಸುದ್ದಿ. ಮಾಡದೆ ಇದ್ದರೆ ತಪ್ಪಾಗುತ್ತಿತ್ತು.

ಪ್ರಶ್ನೆ ಇರುವುದು ಆಮೇಲೆ ಆದದ್ದರಲ್ಲಿ. ಒಂದು ಸಂಘಟನೆಯ ಮುಖ್ಯಸ್ಥರ ತಪ್ಪು ಎರಡೇ ದಿನದಲ್ಲಿ ಒಂದು ಇಡೀ ಸಮುದಾಯದ ಸಂಚಾಯಿತು. ‘ಕೊರೊನಾ ಜಿಹಾದ್’ ಅನ್ನುವ ಹ್ಯಾಶ್‌ಟ್ಯಾಗ್ ಮಾರ್ಚ್ 28ರಿಂದ ಕೆಲವೇ ದಿನಗಳಲ್ಲಿ ಟ್ವಿಟರಿನಲ್ಲಿ ಸುಮಾರು 3 ಲಕ್ಷ ಸಲ ಕಾಣಿಸಿಕೊಂಡಿತು. ಹಾಸನದ ನಮ್ಮ ಬೀದಿಗೆ ಅದು ಬಂದದ್ದು ಅಮ್ಮನ ಫೋನಿನ ಮೂಲಕ.

ಲೆಕ್ಕವೂ ಚಿತ್ರ ಬಿಡಿಸುತ್ತದೆ

ಏಪ್ರಿಲ್ 18ರಂದು ಆರೋಗ್ಯ ಸಚಿವಾಲಯ ಒಂದು ಲೆಕ್ಕ ಕೊಟ್ಟಿತು: ದೇಶದ 14,378 ಪ್ರಕರಣಗಳಲ್ಲಿ 4,291, ಅಂದರೆ ಶೇಕಡ 29.8, ಮರ್ಕಜ್‌ಗೆ ಸಂಬಂಧಿಸಿದವು. ಈ ಅಂಕಿ ಸುಳ್ಳಲ್ಲ. ಆದರೆ ಅದನ್ನು ಓದಿದವರಿಗೆ ಅರ್ಥವಾದದ್ದು ‘ಮೂರರಲ್ಲಿ ಒಂದು ಭಾಗ ಹಬ್ಬಿಸಿದ್ದು ಇವರೇ’ ಅಂತ.

ಎರಡು ಕುಕ್ಕೆ ಮಾವಿನಹಣ್ಣು ಇದೆ ಅಂದುಕೊಳ್ಳಿ. ಒಂದು ಕುಕ್ಕೆಯ ಒಂದೊಂದು ಹಣ್ಣನ್ನೂ ತಿರುಗಿಸಿ ನೋಡಿದಿರಿ, ಮೂವತ್ತು ಕೊಳೆತದ್ದು ಸಿಕ್ಕಿತು. ಇನ್ನೊಂದರ ಮೇಲಿನ ನಾಲ್ಕು ಹಣ್ಣು ಮಾತ್ರ ಎತ್ತಿ ನೋಡಿದಿರಿ, ಒಂದು ಕೊಳೆತಿತ್ತು. ಈಗ ‘ಒಟ್ಟು 31 ಕೊಳೆತ ಹಣ್ಣಿನಲ್ಲಿ 30 ಮೊದಲನೇ ಕುಕ್ಕೆಯದು’ ಅಂದರೆ ಲೆಕ್ಕ ಸರಿ. ಆದರೆ ಎರಡನೇ ಕುಕ್ಕೆಯ ತಳದಲ್ಲಿ ಏನಿದೆ ಅಂತ ನಿಮಗೆ ಗೊತ್ತೇ ಇಲ್ಲ.

ಆಗ ಆದದ್ದು ಇದೇ. ಏಪ್ರಿಲ್ ಮೊದಲ ವಾರ ಮುಗಿಯುವ ಹೊತ್ತಿಗೆ ಇಡೀ ದೇಶದಲ್ಲಿ ಆಗಿದ್ದ ಪರೀಕ್ಷೆ ಒಂದು ಲಕ್ಷದ ಆಸುಪಾಸು. ಕಿಟ್ ಕಡಿಮೆ, ನಿಯಮ ಬಿಗಿ. ಸುಮ್ನೆ ಕೆಮ್ಮು ಜ್ವರ ಅಂತ ಹೋದವರಿಗೆ ಪರೀಕ್ಷೆ ಮಾಡುತ್ತಲೇ ಇರಲಿಲ್ಲ. ಮರ್ಕಜ್‌ಗೆ ಹೋಗಿಬಂದವರನ್ನು, ಅವರ ಜೊತೆ ಇದ್ದವರನ್ನು ಮಾತ್ರ ಊರೂರಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ಹಾಗೆ ಹುಡುಕಿದ್ದು ಸರಿಯೇ, ಸೋಂಕು ತಡೆಯೋಕೆ ಅದು ಬೇಕಿತ್ತು. ಆದರೆ ಎಲ್ಲಿ ಜಾಸ್ತಿ ಹುಡುಕಿದೆವೋ ಅಲ್ಲಿ ಜಾಸ್ತಿ ಸಿಕ್ಕಿತು ಅನ್ನುವ ಒಂದು ಸಾಲನ್ನು ಆ ಅಂಕಿಯ ಜೊತೆ ಯಾರೂ ಸೇರಿಸಲಿಲ್ಲ. ನಾವೂ ಸೇರಿಸಲಿಲ್ಲ.

ದೆಹಲಿ ಸರ್ಕಾರದ ದಿನದ ಬುಲೆಟಿನ್‌ನಲ್ಲಿ ‘ಮರ್ಕಜ್ ಮಸೀದಿ’ ಅಂತ ಒಂದು ಕಾಲಂ ಬೇರೆಯೇ ಇರುತ್ತಿತ್ತು. ಸೋಂಕಿಗೆ ಮಸೀದಿಯ ಹೆಸರಿನ ಕಾಲಂ! ಅಲ್ಲಿನ ಅಲ್ಪಸಂಖ್ಯಾತರ ಆಯೋಗ ಪತ್ರ ಬರೆದ ಮೇಲೆ ಆ ಹೆಸರು ಹೋಯಿತು. ಸೋಂಕಿತರನ್ನು ಧರ್ಮ, ಜನಾಂಗದ ಮೇಲೆ ಗುರುತಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು.

ಅದೇ ದಿನಗಳಲ್ಲಿ ನಮ್ಮ ರಾಜ್ಯದಲ್ಲಿ ಎಲ್ಲರೂ ಮಾತಾಡುತ್ತಿದ್ದ ಇನ್ನೊಂದು ಕ್ಲಸ್ಟರ್ ಇತ್ತು, ನೆನಪಿದೆಯಾ? ನಂಜನಗೂಡಿನ ಔಷಧ ಕಾರ್ಖಾನೆ. ಅಲ್ಲಿನ ಒಬ್ಬ ನೌಕರರಿಂದ ಶುರುವಾಗಿ 70ಕ್ಕೂ ಹೆಚ್ಚು ಜನರಿಗೆ ಹಬ್ಬಿತು. ಮೈಸೂರು ಜಿಲ್ಲೆ ನಡುಗಿಹೋಯಿತು. ಮೂಲ ಯಾವುದು ಅಂತ ವಾರಗಟ್ಟಲೆ ಚರ್ಚೆ ನಡೆಯಿತು. ಆದರೆ ಆ ಕಾರ್ಖಾನೆಯವರ ಧರ್ಮ ಯಾವುದು ಅಂತ ಒಬ್ಬರೂ ಕೇಳಲಿಲ್ಲ. ಕಾರ್ಖಾನೆಯ ಹೆಸರು ಹಿಡಿದೇ ಮಾತಾಡಿದರು, ಅಷ್ಟೇ. ವರದಿ ಹಾಗೆಯೇ ಇರಬೇಕು. ಪಂಜಾಬಿನಲ್ಲೂ ಯುರೋಪಿನಿಂದ ಬಂದ ಒಬ್ಬ ಧರ್ಮಪ್ರಚಾರಕರಿಂದ ಹಬ್ಬಿ ಹಲವು ಹಳ್ಳಿ ಮುಚ್ಚಿದ್ದರು. ಅದು ಯಾವ ‘ಜಿಹಾದ್’ ಥರದ ಹೆಸರೂ ಪಡೆಯದೆ ಒಂದು ದುರಂತವಾಗಿ ಉಳಿಯಿತು.

ಫೈಲ್ ಫೋಟೋ

ಈಗ ನನ್ನದೇ ತಪ್ಪು ಹೇಳುತ್ತೇನೆ.

ಅದೇ ಏಪ್ರಿಲ್‌ನ ಒಂದು ರಾತ್ರಿ, ಹನ್ನೊಂದರ ಹೊತ್ತು. ಒಂದು ಜಿಲ್ಲೆಯಿಂದ ಸುದ್ದಿ ಬಂತು: ಹೊಸದಾಗಿ ಮೂವರಿಗೆ ಸೋಂಕು. ಪುಟದಲ್ಲಿ ಮೂರು ಕಾಲಂ ಜಾಗ ಇತ್ತು. ಸುದ್ದಿ ಚಿಕ್ಕದು, ಜಾಗ ತುಂಬಬೇಕು, ಫೋಟೋ ಬೇಕು. ಹದಿನೈದು ನಿಮಿಷದಲ್ಲಿ ಪುಟ ಹೋಗಬೇಕು. ಫೋಟೋ ಫೋಲ್ಡರ್ ತೆಗೆದೆ. ಆ ವಾರವೆಲ್ಲ ಬಂದಿದ್ದ ಫೋಟೋಗಳೇ ಮೇಲಿದ್ದವು. ಬಿಳಿ ಟೋಪಿ ಹಾಕಿಕೊಂಡ ಜನ ಸಾಲಾಗಿ ನಿಂತ ಒಂದು ಫೋಟೋ ಎತ್ತಿ ಹಾಕಿದೆ. ಕೆಳಗೆ ‘ಸಂಗ್ರಹ ಚಿತ್ರ’ ಅಂತ ಚಿಕ್ಕ ಅಕ್ಷರದಲ್ಲಿ ಬರೆದೆ. ಪುಟ ಹೋಯಿತು.

ಮರುದಿನ ಮಧ್ಯಾಹ್ನ ಆ ಊರಿನ ಓದುಗರೊಬ್ಬರು ಫೋನ್ ಮಾಡಿದರು. ಶಾಲೆ ಮೇಷ್ಟ್ರು ಅಂತ ಪರಿಚಯ ಹೇಳಿಕೊಂಡರು. ಬೈಯಲಿಲ್ಲ, ದನಿ ಏರಿಸಲೂ ಇಲ್ಲ. "ಸರ್, ಆ ಮೂವರಲ್ಲಿ ನಮ್ಮೋರು ಯಾರೂ ಇಲ್ಲ. ಆ ಫೋಟೋ ಯಾಕೆ ಹಾಕಿದ್ರಿ ಸರ್?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮಿಸಿ ಅಂದೆ. ಮುಂದಿನ ದಿನ ತಿದ್ದುಪಡಿ ಹಾಕಿದೆವು, ಒಳಪುಟದ ಮೂಲೆಯಲ್ಲಿ, ಎರಡು ಸಾಲು.

ನಾನು ಬರೆದ ಹೆಡ್ಡಿಂಗ್‌ನಲ್ಲಿ ತಪ್ಪಿರಲಿಲ್ಲ. ಸುದ್ದಿಯ ಒಂದು ಪದದಲ್ಲೂ ಧರ್ಮ ಇರಲಿಲ್ಲ. ಆದರೆ ಓದುಗರ ಕಣ್ಣು ಮೊದಲು ಬೀಳುವುದು ಫೋಟೋ ಮೇಲೆ. ಅಕ್ಷರ ಹೇಳದ್ದನ್ನು ಫೋಟೋ ಹೇಳಿಬಿಟ್ಟಿತ್ತು. ಇದನ್ನು ನಾನು ದ್ವೇಷದಿಂದ ಮಾಡಲಿಲ್ಲ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದೆ. ಕೈಗೆ ಅದೇ ಮೊದಲು ಯಾಕೆ ಸಿಕ್ಕಿತು ಅನ್ನುವುದೇ ಅಸಲಿ ವಿಷಯ.

ಇಂಗ್ಲಿಷಿನ ‘ಸ್ಟೀರಿಯೋಟೈಪ್’ ಅನ್ನುವ ಪದ ಹುಟ್ಟಿದ್ದು ಅಚ್ಚುಮನೆಯಲ್ಲಿ. ಪುಟದ ಅಚ್ಚುಮೊಳೆಗಳನ್ನು, ಅಂದರೆ ಲೋಹದ ಅಕ್ಷರಗಳನ್ನು, ಒಂದು ಸಲ ಜೋಡಿಸಿ, ಅದರ ಪಡಿಯಚ್ಚು ತೆಗೆದು, ಲೋಹ ಎರಕ ಹೊಯ್ದು ಒಂದು ತಗಡು ಮಾಡಿಕೊಳ್ಳುತ್ತಿದ್ದರು. ಆಮೇಲೆ ಎಷ್ಟು ಸಾವಿರ ಪ್ರತಿ ಬೇಕಾದರೂ ಅದರಿಂದಲೇ ಒತ್ತಬಹುದು, ಮತ್ತೆ ಮೊಳೆ ಜೋಡಿಸುವ ಶ್ರಮ ಇಲ್ಲ. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಈ ಪದವನ್ನು ನಮ್ಮ ತಲೆಯೊಳಗಿನ ಚಿತ್ರಗಳಿಗೆ ಬಳಸಿದ. ನಾವು ನೋಡಿ ಆಮೇಲೆ ತೀರ್ಮಾನಿಸುವುದಲ್ಲ, ತೀರ್ಮಾನಿಸಿ ಆಮೇಲೆ ನೋಡುತ್ತೇವೆ ಅನ್ನುವುದು ಅವನ ಮಾತಿನ ತಿರುಳು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ಇದನ್ನು ವಿವರಿಸಲೇಬೇಕಿಲ್ಲ. ಮರದ ಅಚ್ಚಿಗೆ ಪಾಕ ಹೊಯ್ದರೆ ಗಿಣಿ ಬರುತ್ತದೆ. ಪಾಕ ಬಣ್ಣದ್ದಾದರೂ ಬಿಳಿಯದಾದರೂ ಬರುವುದು ಗಿಣಿಯೇ. ಸುದ್ದಿಮನೆಯಲ್ಲಿ ಮುಸ್ಲಿಮರಿಗೆ ಅಂತ ಕೆಲವೇ ಅಚ್ಚುಗಳಿವೆ: ಟೋಪಿ ಗಡ್ಡದ ಗುಂಪು, ಬುರ್ಖಾದ ಹೆಂಗಸು, ಮುಖಕ್ಕೆ ಕಪ್ಪು ಬಟ್ಟೆ ಹಾಕಿಸಿ ಪೊಲೀಸರು ನಿಲ್ಲಿಸಿದ ಆರೋಪಿ, ಹಬ್ಬದ ದಿನ ತಬ್ಬಿಕೊಳ್ಳುವ ಇಬ್ಬರು ಮಕ್ಕಳು. ಹಾಲಿನ ದರ ಏರಿದ ಸುದ್ದಿಗೆ ಮಾತಾಡಿಸುವ ಗೃಹಿಣಿಯಾಗಿ, ಎಸ್ಎಸ್ಎಲ್‌ಸಿ ಫಲಿತಾಂಶದ ದಿನ ನಗುವ ಅಪ್ಪನಾಗಿ, ಈರುಳ್ಳಿ ಬೆಲೆ ಬಿದ್ದು ಕಂಗಾಲಾದ ರೈತನಾಗಿ ಅವರು ಎಷ್ಟು ಸಲ ಕಾಣುತ್ತಾರೆ? 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು ಶೇಕಡ 13 ಜನ ಮುಸ್ಲಿಮರು. ಹಾಲು ಅವರೂ ಕೊಳ್ಳುತ್ತಾರೆ.

ಮನಸ್ಸು ಇದನ್ನು ಯಾಕೆ ನಂಬುತ್ತದೆ

1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ನನಗೆ ಗೊತ್ತಿರುವ ಪ್ರಯೋಗಗಳಲ್ಲಿ ಇಷ್ಟು ಸರಳವಾಗಿ ಕಣ್ಣು ತೆರೆಸುವುದು ಇನ್ನೊಂದಿಲ್ಲ.

ಅವರು ಎರಡು ಕಾಲ್ಪನಿಕ ಗುಂಪು ಮಾಡಿಕೊಂಡರು. ಗುಂಪಿಗೆ ಧರ್ಮವಿಲ್ಲ, ಬಣ್ಣವಿಲ್ಲ, ಬರೀ ‘ಎ’ ಮತ್ತು ‘ಬಿ’. ಜನರಿಗೆ 39 ವಾಕ್ಯ ಓದಿಸಿದರು. ಎ ಗುಂಪಿನ ಬಗ್ಗೆ 26: ಅದರಲ್ಲಿ 18 ಒಳ್ಳೆಯ ಕೆಲಸ, 8 ಕೆಟ್ಟದ್ದು. ಬಿ ಗುಂಪು ಚಿಕ್ಕದು, ಅದರ ಬಗ್ಗೆ 13: ಅದರಲ್ಲಿ 9 ಒಳ್ಳೆಯದು, 4 ಕೆಟ್ಟದ್ದು. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಒಳ್ಳೆಯದು ಕೆಟ್ಟದ್ದರ ಪ್ರಮಾಣ ಒಂದೇ. ಆಮೇಲೆ ಯಾವ ಗುಂಪು ಹೇಗೆ ಅಂತ ಕೇಳಿದಾಗ, ಜನ ಬಿ ಗುಂಪಿನ ಕೆಟ್ಟ ಕೆಲಸಗಳನ್ನು ಇದ್ದದ್ದಕ್ಕಿಂತ ಜಾಸ್ತಿ ಅಂತ ನೆನಪಿಸಿಕೊಂಡರು. ಆ ಗುಂಪಿನ ಬಗ್ಗೆ ಅಭಿಪ್ರಾಯವೂ ಕೆಳಗಿಳಿದಿತ್ತು.

ಯಾಕೆ? ಚಿಕ್ಕ ಗುಂಪು ಅಪರೂಪ. ಕೆಟ್ಟ ಕೆಲಸವೂ ಅಪರೂಪ. ಎರಡು ಅಪರೂಪ ಒಟ್ಟಿಗೆ ಬಂದರೆ ಮನಸ್ಸಿನಲ್ಲಿ ಅಂಟಿಕೊಳ್ಳುತ್ತದೆ. ದ್ವೇಷವಿಲ್ಲದ, ಹಿನ್ನೆಲೆಯಿಲ್ಲದ, ಪ್ರಯೋಗಾಲಯದ ಎರಡು ಅಕ್ಷರಗಳಿಗೇ ಹೀಗಾದರೆ, ದಿನಾ ಬೆಳಿಗ್ಗೆ ಸಂಜೆ ಟಿವಿಯಲ್ಲಿ ಒಂದೇ ಸಮುದಾಯವನ್ನು ತೋರಿಸಿ ಸದ್ದು ಮಾಡಿದರೆ ಏನಾಗಬಹುದು?

ಇದಕ್ಕೆ ವಾರ್ತೆಗಳ ಅಳತೆಯೂ ಸೇರುತ್ತದೆ. ಅಮೆರಿಕದಲ್ಲಿ 2006ರಿಂದ 2015ರವರೆಗೆ ನಡೆದ 136 ಭಯೋತ್ಪಾದಕ ದಾಳಿಗಳ ವರದಿಗಳನ್ನು ಸಂಶೋಧಕಿ ಎರಿನ್ ಕರ್ನ್ಸ್ ಮತ್ತು ಜೊತೆಗಾರರು ಎಣಿಸಿದರು. ದಾಳಿ ಮಾಡಿದವರು ಮುಸ್ಲಿಮರಾಗಿದ್ದರೆ ಆ ದಾಳಿಗೆ ಬೇರೆಯವುಗಳಿಗಿಂತ ಶೇಕಡ 357ರಷ್ಟು ಹೆಚ್ಚು ಸುದ್ದಿ ಬಂದಿತ್ತು. ಒಂದೊಂದು ವರದಿಯೂ ನಿಜವೇ ಇರಬಹುದು, ಆದರೆ ಎಲ್ಲವನ್ನೂ ಸೇರಿಸಿ ನೋಡಿದಾಗ ಕಾಣುವ ಚಿತ್ರ ಸೊಟ್ಟಗಿರುತ್ತದೆ.

ಸರಿ, ನಮಗೆ ನಮ್ಮದೇ ಅನುಭವ ಇಲ್ಲವಾ, ಟಿವಿ ಹೇಳಿದ್ದನ್ನೇ ನಂಬುತ್ತೇವಾ ಅಂತ ಕೇಳಬಹುದು. ಇಲ್ಲೇ ನನಗೆ ಜಾಸ್ತಿ ದುಃಖ ಆಗುವುದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆಯಿಂದ 2020ರ ಶುರುವಿನವರೆಗೆ, ಅಂದರೆ ಕೊರೊನಾ ಬರುವ ಹೊಸ್ತಿಲಲ್ಲಿ, ಸುಮಾರು 30,000 ಭಾರತೀಯರನ್ನು ಮಾತಾಡಿಸಿತು. ತಮ್ಮ ಹತ್ತಿರದ ಗೆಳೆಯರೆಲ್ಲ ಅಥವಾ ಹೆಚ್ಚಿನವರು ಹಿಂದೂಗಳೇ ಅಂದ ಹಿಂದೂಗಳು ಶೇಕಡ 86. ಮುಸ್ಲಿಮರ ಸ್ನೇಹವಲಯವೂ ಹೆಚ್ಚುಕಡಿಮೆ ಹೀಗೇ ಅವರೊಳಗೇ ಇತ್ತು. ಅಂದರೆ ನಮ್ಮಲ್ಲಿ ಹೆಚ್ಚಿನವರು ಇನ್ನೊಬ್ಬರ ಅಡುಗೆಮನೆ ನೋಡಿಲ್ಲ. ಮದುವೆಗೆ ಹೋಗಿ ಊಟ ಮಾಡಿ ಬಂದಿರಬಹುದು, ಆದರೆ ಕಷ್ಟಸುಖ ಹೇಳಿಕೊಂಡಿಲ್ಲ. ಆ ಖಾಲಿ ಜಾಗವನ್ನು ತುಂಬುವುದು ಟಿವಿ ಮತ್ತು ಫೋನು. ಅಮೆರಿಕದಲ್ಲಿ ಸಂಶೋಧಕಿ ಮುನೀಬಾ ಸಲೀಂ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲೂ ಇದೇ ಕಂಡದ್ದು: ಮುಸ್ಲಿಮರನ್ನು ಭಯೋತ್ಪಾದಕರಾಗಿ ತೋರಿಸುವ ಸುದ್ದಿ ತುಣುಕು ನೋಡಿದವರು, ತಮ್ಮದೇ ದೇಶದ ಮುಸ್ಲಿಮರ ನಾಗರಿಕ ಹಕ್ಕು ಮೊಟಕು ಮಾಡುವ ನೀತಿಗಳಿಗೆ ಹೆಚ್ಚು ಬೆಂಬಲ ಕೊಟ್ಟರು. ಮುಸ್ಲಿಮರನ್ನು ನೇರವಾಗಿ ಬಲ್ಲವರ ಮನಸ್ಸು ಅಷ್ಟು ಕಹಿಯಾಗಿರಲಿಲ್ಲ.

ಅಮ್ಮನಿಗೆ ಸಾಬರು ಗೊತ್ತಿದ್ದರಲ್ಲ ಅಂತ ನೀವು ಕೇಳುತ್ತೀರಿ. ಗೊತ್ತಿದ್ದರು. ಗೇಟಿನವರೆಗೆ.

ಕವಿ ತೀರಿಕೊಂಡ ಭಾನುವಾರ

ಅದೇ ಲಾಕ್‌ಡೌನಿನ ನಡುವೆ, 2020ರ ಮೇ 3ರಂದು, ಕವಿ ಕೆ.ಎಸ್. ನಿಸಾರ್ ಅಹಮದ್ ತೀರಿಕೊಂಡರು. ಕನ್ನಡ ನಾಡು ನಿಜವಾಗಿಯೂ ಅತ್ತಿತು. ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು, 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದವರು. ನಮ್ಮ ಅಮ್ಮನಿಗೆ ಅವರ ಹಾಡು ಬಾಯಿಪಾಠ. ಅವತ್ತು ಫೋನಿನಲ್ಲಿ ಅವಳ ಗಂಟಲು ಕಟ್ಟಿತ್ತು. "ಎಂಥಾ ಮನುಷ್ಯರು ಕಣೋ" ಅಂದಳು. ಸಾಬರ ಗಾಡಿಗೆ ಆಗಲೂ ನಮ್ಮ ಬೀದಿಯಲ್ಲಿ ಯಾರೂ ಹೋಗುತ್ತಿರಲಿಲ್ಲ.

ಒಂದೇ ಮನಸ್ಸಿನಲ್ಲಿ ಇವೆರಡೂ ಹೇಗೆ ಇರುತ್ತವೆ? 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಅನ್ನುವ ಮನಃಶಾಸ್ತ್ರಜ್ಞ ಇದಕ್ಕೆ ಒಂದು ಹೋಲಿಕೆ ಕೊಟ್ಟ. ನಮ್ಮ ಮನಸ್ಸು ಒಂದು ಬೇಲಿ ಹಾಕಿಕೊಂಡಿರುತ್ತದೆ. ಬೇಲಿಯೊಳಗೆ ಹೊಂದದ ಒಬ್ಬ ಒಳ್ಳೆಯ ವ್ಯಕ್ತಿ ಸಿಕ್ಕಿದರೆ, ಬೇಲಿಯೇ ತಪ್ಪು ಅಂತ ಕಿತ್ತು ಹಾಕುವುದಿಲ್ಲ. ಒಂದು ಕಂಡಿ ಮಾಡಿ ಅವರೊಬ್ಬರನ್ನು ಹೊರಗೆ ಕರೆದುಕೊಳ್ಳುತ್ತದೆ, ಮತ್ತೆ ಬೇಲಿ ಮುಚ್ಚುತ್ತದೆ. ‘ಅವರು ಹಾಗಲ್ಲಪ್ಪ, ಅವರು ಬೇರೆ.’ ಕೇಳಿದ್ದೀರಿ ಅಲ್ವಾ ಈ ಮಾತು? ಪ್ರೀತಿಯಿಂದಲೇ ಆಡುತ್ತಾರೆ. ಆದರೆ ಆ ಹೊಗಳಿಕೆಯ ಇನ್ನೊಂದು ಅರ್ಧ ಉಳಿದವರೆಲ್ಲರ ಮೇಲೆ ಬೀಳುತ್ತದೆ. ಹಾಗಾಗಿ ಹಬ್ಬದ ದಿನ ಒಂದು ‘ಸೌಹಾರ್ದ’ದ ಪುಟ ಮಾಡಿ, ಮಿಕ್ಕ 364 ದಿನ ಅದೇ ಅಚ್ಚು ಬಳಸಿದರೆ ಏನೂ ಬದಲಾಗುವುದಿಲ್ಲ.

ಮೆಚ್ಚಲೇಬೇಕಾದ ಒಂದು ಮಾತೂ ಅದಕ್ಕೂ ಮೊದಲು, ಏಪ್ರಿಲ್‌ನಲ್ಲಿ, ಕೇಳಿಬಂದಿತ್ತು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಕನ್ನಡ ವಾಹಿನಿಯೊಂದರಲ್ಲಿ, ಎಲ್ಲೋ ನಡೆದ ಘಟನೆಗೆ ಇಡೀ ಮುಸ್ಲಿಂ ಸಮುದಾಯವನ್ನು ದೂರಿದರೆ ಕ್ರಮ ತೆಗೆದುಕೊಳ್ಳುತ್ತೇನೆ ಅಂತ ಖಡಾಖಂಡಿತವಾಗಿ ಎಚ್ಚರಿಸಿದರು. ಅವರ ಪಕ್ಷದೊಳಗೇ ಅದಕ್ಕೆ ಗೊಣಗಾಟ ಎದ್ದಿತು, ಆದರೂ ಹೇಳಿದರು. ಆದರೆ ಅಷ್ಟರೊಳಗೆ ಏನೇನೋ ಆಗಿಹೋಗಿತ್ತು. ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ ನದಿಗೆ ಮೀನು ಹಿಡಿಯಲು ಬಂದ ಮುಸ್ಲಿಮರನ್ನು, ರೋಗ ಹಬ್ಬಿಸೋಕೆ ಬಂದಿದ್ದೀರಿ ಅಂತ ದೊಣ್ಣೆ ಹಿಡಿದು ಬೆದರಿಸಿದರು. ಬೆಂಗಳೂರಿನಲ್ಲಿ ಬಡವರಿಗೆ ಊಟ ಹಂಚುತ್ತಿದ್ದ ಮುಸ್ಲಿಂ ಸ್ವಯಂಸೇವಕರ ಮೇಲೆ ಹಲ್ಲೆಯಾಯಿತು. ಮಂಗಳೂರಿನ ಹೊರವಲಯದಲ್ಲಿ ಮುಸ್ಲಿಂ ವ್ಯಾಪಾರಿಗಳು ಊರೊಳಗೆ ಬರಬಾರದು ಅಂತ ಬೋರ್ಡು ಬಿತ್ತು.

ಅಚ್ಚು ಒಂದು ಸಲ ತಲೆಗೆ ಹೊಕ್ಕರೆ ಎದುರಿಗಿರುವ ಮನುಷ್ಯ ಯಾರು ಅಂತಲೂ ಕಾಣುವುದಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ಆದ ನಾಲ್ಕೇ ದಿನಕ್ಕೆ ಅಮೆರಿಕದ ಆರಿಜೋನಾದಲ್ಲಿ ಬಲ್ಬೀರ್ ಸಿಂಗ್ ಸೋಢಿ ಅನ್ನುವ ಸಿಖ್ಖರನ್ನು ಅವರ ಪೆಟ್ರೋಲ್ ಬಂಕಿನ ಮುಂದೆಯೇ ಗುಂಡಿಟ್ಟು ಕೊಂದರು. ಪೇಟ ಮತ್ತು ಗಡ್ಡ ಅಷ್ಟೇ ಸಾಕಾಗಿತ್ತು. ಆ ವರ್ಷ ಎಫ್‌ಬಿಐ ದಾಖಲಿಸಿದ ಮುಸ್ಲಿಂ ವಿರೋಧಿ ಅಪರಾಧ ಘಟನೆಗಳು 481, ಹಿಂದಿನ ವರ್ಷ 28 ಇದ್ದವು. 2017ರಲ್ಲಿ ಕ್ಯಾನ್ಸಸ್‌ನಲ್ಲಿ ಹೈದರಾಬಾದ್ ಮೂಲದ ಯುವ ಎಂಜಿನಿಯರ್ ಒಬ್ಬರನ್ನು ಇರಾನಿನವನು ಅಂದುಕೊಂಡು ಕೊಂದರು. ಅಲ್ಲಿರುವ ನಮ್ಮ ಹುಡುಗರ ಅಪ್ಪ ಅಮ್ಮಂದಿರು ಅವತ್ತು ಇಲ್ಲಿ ನಿದ್ದೆ ಮಾಡಲಿಲ್ಲ. ಬೇರೆಯವರ ಮೇಲೆ ಒತ್ತಿದ ಅಚ್ಚು ನಮ್ಮ ಮಕ್ಕಳ ಮುಖದ ಮೇಲೂ ಬೀಳುತ್ತದೆ ಅಂತ ಆಗ ಗೊತ್ತಾಯಿತು.

ತಿದ್ದುಪಡಿ ತಲುಪುವುದಿಲ್ಲ

ಇನ್ನು ಕೋರ್ಟುಗಳ ವಿಷಯ. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ತಬ್ಲೀಗಿಗೆ ಬಂದ 29 ವಿದೇಶಿಯರ ಮೇಲಿನ ಕೇಸುಗಳನ್ನು ರದ್ದು ಮಾಡಿತು. ಇವರ ವಿರುದ್ಧ ಪತ್ರಿಕೆ, ಟಿವಿಗಳಲ್ಲಿ ದೊಡ್ಡ ಅಪಪ್ರಚಾರ ನಡೆಯಿತು, ಇವರನ್ನು ಬಲಿಪಶು ಮಾಡಲಾಯಿತು ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಡಿಸೆಂಬರಿನಲ್ಲಿ ದೆಹಲಿ ನ್ಯಾಯಾಲಯ, ದಂಡ ಕಟ್ಟಿ ಮುಗಿಸಿಕೊಳ್ಳದೆ ವಿಚಾರಣೆ ಎದುರಿಸಿದ 36 ವಿದೇಶಿಯರನ್ನು ಖುಲಾಸೆ ಮಾಡಿತು. 2021ರ ಜೂನ್‌ನಲ್ಲಿ, ಸುದ್ದಿವಾಹಿನಿಗಳೇ ಕಟ್ಟಿಕೊಂಡಿರುವ ಮೇಲ್ವಿಚಾರಣಾ ಸಂಸ್ಥೆ ಎನ್‌ಬಿಎಸ್‌ಎ, ಬೆಂಗಳೂರಿನ ಒಂದು ನಾಗರಿಕ ಗುಂಪಿನ ದೂರಿನ ಮೇಲೆ, ತಬ್ಲೀಗಿ ಕಾರ್ಯಕ್ರಮಗಳಿಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ ಹಾಕಿತು. ಕಾರ್ಯಕ್ರಮ ಬಂದದ್ದಕ್ಕೂ ದಂಡ ಬಿದ್ದದ್ದಕ್ಕೂ ನಡುವೆ 14 ತಿಂಗಳು. 2025ರ ಜುಲೈಯಲ್ಲಿ ದೆಹಲಿ ಹೈಕೋರ್ಟು, ಆ ವಿದೇಶಿಯರಿಗೆ ಜಾಗ ಕೊಟ್ಟರು ಅನ್ನುವ ಆರೋಪ ಹೊತ್ತಿದ್ದ 70 ಭಾರತೀಯರ ಮೇಲಿನ 16 ಪ್ರಕರಣಗಳನ್ನು ರದ್ದು ಮಾಡಿತು. ಐದು ವರ್ಷ.

ಇವೆಲ್ಲ ಬೇಗ ಬಂದಿದ್ದರೂ ಅಚ್ಚು ಪೂರ್ತಿ ಅಳಿಯುತ್ತಿತ್ತಾ? 1994ರಲ್ಲಿ ಹಾಲಿನ್ ಜಾನ್ಸನ್ ಮತ್ತು ಕೊಲೀನ್ ಸೀಫರ್ಟ್ ಅನ್ನುವ ಮನಃಶಾಸ್ತ್ರಜ್ಞರು ಒಂದು ಗೋದಾಮಿಗೆ ಬೆಂಕಿ ಬಿದ್ದ ಕತೆಯನ್ನು ಜನರಿಗೆ ತುಣುಕು ತುಣುಕಾಗಿ ಓದಿಸಿದರು. ಮೊದಲು, ಕೋಣೆಯಲ್ಲಿ ಪೇಂಟ್ ಡಬ್ಬ, ಗ್ಯಾಸ್ ಸಿಲಿಂಡರ್ ಇಟ್ಟಿದ್ದರು ಅಂತ. ಸ್ವಲ್ಪ ಆದ ಮೇಲೆ, ಅದು ತಪ್ಪು ಮಾಹಿತಿ, ಆ ಕೋಣೆ ಖಾಲಿ ಇತ್ತು ಅಂತ. ಕೋಣೆ ಖಾಲಿ ಇತ್ತು ಅನ್ನುವುದು ಓದಿದವರಿಗೆ ಚೆನ್ನಾಗಿ ನೆನಪಿತ್ತು. ಆದರೂ, ಅಷ್ಟು ಹೊಗೆ ಯಾಕೆ ಬಂತು ಅಂತ ಕೇಳಿದರೆ ಪೇಂಟ್ ಇತ್ತಲ್ಲ, ಅದಕ್ಕೆ ಅಂದರು. ತಿದ್ದುಪಡಿ ನೆನಪಿದೆ, ಆದರೆ ತಲೆ ಓಡುವುದು ತಿದ್ದುವ ಮೊದಲಿನ ದಾರಿಯಲ್ಲಿ. ಅಮ್ಮನ ‘ಆದ್ರೂ’ ಇರುವುದು ಇಲ್ಲೇ.

ಅದೇ ಪ್ರಯೋಗದಲ್ಲಿ ನನಗೆ ಆಸೆ ಹುಟ್ಟಿಸುವ ಒಂದು ಭಾಗವೂ ಇದೆ. ಬರೀ ‘ಪೇಂಟ್ ಇರಲಿಲ್ಲ’ ಅನ್ನದೆ, ಬೆಂಕಿ ಬೇಕೆಂದೇ ಹಚ್ಚಿದ್ದಕ್ಕೆ ಕುರುಹು ಸಿಕ್ಕಿತು ಅಂತ ಬೇರೆ ಕಾರಣ ಕೊಟ್ಟಾಗ, ಜನ ಪೇಂಟನ್ನು ಬಿಟ್ಟುಬಿಟ್ಟರು. ಹಳೆಯ ಕತೆ ತೆಗೆದ ಜಾಗದಲ್ಲಿ ಇನ್ನೊಂದು ಕತೆ ಇಡಬೇಕು. ‘ಈ ವಿಡಿಯೋ ಸುಳ್ಳು’ ಅಂದರೆ ಸಾಲದು. ಇದು ರಾಯ್‌ಸೇನ್‌ನದು, ಫೆಬ್ರವರಿಯದು, ಅವರು ಕಾಯಿಲೆಯ ಮುದುಕರು ಅಂತ ಪೂರ್ತಿ ಹೇಳಬೇಕು. ‘ಶೇಕಡ 29.8ರ ಅರ್ಥ ಅದಲ್ಲ’ ಅಂದರೆ ಸಾಲದು, ಎರಡು ಕುಕ್ಕೆ ತೋರಿಸಬೇಕು. ತಿದ್ದುಪಡಿಯನ್ನು ಸುದ್ದಿ ಬಂದ ಪುಟದಲ್ಲೇ, ಸುದ್ದಿಯಷ್ಟೇ ದೊಡ್ಡದಾಗಿ ಹಾಕಬೇಕು. ಆವತ್ತಿನಿಂದ ನಾನು ಫೋಟೋ ಎತ್ತುವಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಫೋಟೋದಲ್ಲಿರುವವರು ಈ ಸುದ್ದಿಯಲ್ಲಿ ಇದ್ದಾರಾ? ಇಲ್ಲ ಅಂದರೆ ಆಸ್ಪತ್ರೆಯ ಬೋರ್ಡು ಹಾಕುತ್ತೇನೆ, ಇಲ್ಲವೇ ಫೋಟೋನೇ ಬೇಡ ಅಂತ ಅಕ್ಷರವನ್ನೇ ದೊಡ್ಡದು ಮಾಡುತ್ತೇನೆ.

2025ರ ಜುಲೈಯಲ್ಲಿ ದೆಹಲಿ ಹೈಕೋರ್ಟಿನ ಆ ತೀರ್ಪು ಬಂದ ವಾರ ನಾನು ಹಾಸನದಲ್ಲಿದ್ದೆ. ಸಂಜೆ ಅಮ್ಮನಿಗೆ ಹೇಳಿದೆ. "ಯಾವ ಕೇಸು?" ಅಂದಳು. ಮರ್ಕಜ್, ತಬ್ಲೀಗಿ ಅಂತ ನೆನಪಿಸಿದೆ. ಅಷ್ಟು ಸ್ಪಷ್ಟ ಇರಲಿಲ್ಲ ಅವಳಿಗೆ. "ಓ, ಹಣ್ಣು ನೆಕ್ಕಿದ್ನಲ್ಲ, ಅದಾ?" ಅಂದಳು. ಆ ಮುದುಕ ಬೆರಳು ಹೇಗೆ ಬಾಯಿಗೆ ಇಡುತ್ತಿದ್ದ ಅಂತ ಕೈಯಲ್ಲಿ ಮಾಡಿಯೂ ತೋರಿಸಿದಳು.

ಆ ವಿಡಿಯೋದ ಕತೆಯನ್ನು ಅವಳಿಗೆ ನಾನು ಪೂರ್ತಿ ಹೇಳಿಯೇ ಇರಲಿಲ್ಲ ಅಂತ ಆಗ ಹೊಳೆಯಿತು. ಸುಳ್ಳು ಅದು ಅಂದಿದ್ದೆ, ಅಷ್ಟೇ. ಅವತ್ತು ಕೂತು ಎಲ್ಲ ಹೇಳಿದೆ. ಊರು, ತಿಂಗಳು, ಆ ಮನೆಯವರು ಹೇಳಿದ್ದು. ಅಮ್ಮ ಬಹಳ ಹೊತ್ತು ಏನೂ ಮಾತಾಡಲಿಲ್ಲ.

"ನಮ್ಮ ಸಾಬ್ರು ಆಮೇಲೆ ಬರಲೇ ಇಲ್ಲ ಕಣೋ," ಅಂದಳು. "ಪೆನ್ಷನ್ ಮೊಹಲ್ಲಾದಲ್ಲಿ ಮನೆ ಅಂತಿದ್ರು. ನಾಳೆ ಕರ್ಕೊಂಡು ಹೋಗ್ತೀಯಾ?"